ಬಂದರಿನ ಕೊಕ್ಕೆ, ಜೇಬಿನ ನೋಟುಬುಕ್ಕು

ಅರ್ಜಿ ಫಾರಂಗಳಲ್ಲಿ ನನಗೆ ಕಷ್ಟವಾಗುತ್ತಿದ್ದುದು ಒಂದೇ ಒಂದು ಖಾನೆ. ತಂದೆಯ ಉದ್ಯೋಗ. ಕಾಲೇಜು ಸೇರುವಾಗ, ಹಾಸ್ಟೆಲ್‌ಗೆ ಅರ್ಜಿ ಹಾಕುವಾಗ, ಎಂ.ಕಾಂ. ಮುಗಿದ ಮೇಲೆ ಖಾಸಗಿ ಕಂಪನಿಗಳಿಗೆ ಬಯೊಡೇಟಾ ಕಳಿಸುವಾಗ, ಎಲ್ಲ ಕಡೆ ನಾನು ಅಲ್ಲಿ ವ್ಯಾಪಾರ ಎಂದೇ ಬರೆದಿದ್ದೇನೆ. ಅಪ್ಪ ವ್ಯಾಪಾರಿಯಲ್ಲ. ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲಿ, ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ ಅಕ್ಕಿ, ಈರುಳ್ಳಿ, ಸಿಮೆಂಟು ಚೀಲ ಹೊರುವವರು. ಹೆಗಲ ಮೇಲೊಂದು ಬೈರಾಸು, ಕೈಯಲ್ಲೊಂದು ಕಬ್ಬಿಣದ ಕೊಕ್ಕೆ. ಮಳೆಗಾಲದಲ್ಲಿ ಕಡಲು ಎದ್ದರೆ ಮಂಜಿಗಳು ಹೋಗುವುದಿಲ್ಲ, ಅಪ್ಪನಿಗೂ ಕೆಲಸವಿಲ್ಲ.

ಓದು ಮುಗಿಸಿ ಎರಡು ವರ್ಷ ನಾನೂ ಮನೆಯಲ್ಲೇ ಇದ್ದೆ. ಬ್ಯಾಂಕ್ ಪರೀಕ್ಷೆ ಮೂರು ಸಲ ಬರೆದೆ. ಒಮ್ಮೆ ಎರಡೇ ಅಂಕ ಕಡಿಮೆ ಬಿತ್ತು. ಬೆಳಿಗ್ಗೆ ಅಪ್ಪ ಕೊಕ್ಕೆ ಹಿಡಿದು ಹೊರಡುವಾಗ ನಾನು ಹಾಸಿಗೆಯಲ್ಲಿ ಮುಸುಕು ಹಾಕಿಕೊಂಡು ಎಚ್ಚರವಾಗಿ ಮಲಗಿರುತ್ತಿದ್ದೆ. ಕೆಲಸವಿಲ್ಲದ ನನಗೆ ನಾಚಿಕೆ ಆಗಬೇಕಿತ್ತು. ನನಗೋ ಅಪ್ಪನ ಕೆಲಸದ ಬಗ್ಗೆಯೇ ನಾಚಿಕೆ. ಇದನ್ನು ಬರೆಯಲು ಈಗಲೂ ಕೈ ತಡೆಯುತ್ತದೆ, ಆದರೂ ಬರೆಯುತ್ತಿದ್ದೇನೆ.

ಮನೆಯಲ್ಲಿ ಕೂರಲಾಗದೆ ದಿನವೂ ಲೈಬ್ರರಿಗೆ ಹೋಗುತ್ತಿದ್ದೆ. ಅಲ್ಲಿನ ಇಂಗ್ಲಿಷ್ ಕಪಾಟಿನಲ್ಲಿ ಒಂದು ದಿನ ತೆಳ್ಳಗಿನ ಹಳೆ ಪುಸ್ತಕ ಸಿಕ್ಕಿತು. ಹೆಸರು ದಿ ಟ್ರೂ ಬಿಲೀವರ್. ಲೇಖಕ ಎರಿಕ್ ಹಾಫರ್. ಹಿಂದಿನ ರಟ್ಟಿನಲ್ಲಿ ಲೇಖಕನ ಪರಿಚಯ ಇತ್ತು. ಎಲ್ಲ ಲೇಖಕರಿಗೂ ಇರುವಂತೆ ಯಾವುದೋ ವಿಶ್ವವಿದ್ಯಾಲಯದ ಹೆಸರು ಇರುತ್ತದೆ ಅಂದುಕೊಂಡಿದ್ದೆ. ಸ್ಯಾನ್‌ಫ್ರಾನ್ಸಿಸ್ಕೊ ಬಂದರಿನಲ್ಲಿ ಹಡಗಿಗೆ ಸರಕು ತುಂಬುವ ಕಾರ್ಮಿಕ ಎಂದಿತ್ತು. ಲೈಬ್ರರಿಯಲ್ಲಿ ನಿಂತಲ್ಲೇ ಆ ಸಾಲನ್ನು ಎರಡು ಸಲ ಓದಿದೆ. ಆಮೇಲೆ ಆತನ ಬಗ್ಗೆ ಸಿಕ್ಕಿದ್ದನ್ನೆಲ್ಲ ಹುಡುಕಿ ಓದಿದೆ. ನನ್ನ ಹಾಗೆ ಅರ್ಜಿ ಹಾಕಿ ಕಾಯುತ್ತ ಕುಳಿತಿರುವ ಗೆಳೆಯರಿಗೆ ಆ ಬದುಕನ್ನು ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಹಾಫರ್ ತಾನು 1902ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಹುಟ್ಟಿದ್ದಾಗಿ ಹೇಳಿಕೊಳ್ಳುತ್ತಿದ್ದ. ತಂದೆ ತಾಯಿ ಆಗ ಜರ್ಮನಿಯ ಕೈಯಲ್ಲಿದ್ದ ಆಲ್ಸೇಸ್ ಪ್ರಾಂತ್ಯದಿಂದ ಬಂದವರು. ತಂದೆ ಮರದ ಕಪಾಟು ಮಾಡುವ ಬಡಗಿ. ಐದು ವರ್ಷದ ಹುಡುಗನಿಗೆ ಇಂಗ್ಲಿಷ್, ಜರ್ಮನ್ ಎರಡೂ ಓದಲು ಬರುತ್ತಿತ್ತಂತೆ. ಆ ವಯಸ್ಸಿನಲ್ಲೇ ತಾಯಿ ಅವನನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಜಾರಿ ಬಿದ್ದಳು. ಎರಡು ವರ್ಷ ನರಳಿ ತೀರಿಕೊಂಡಳು. ಅದರ ಬೆನ್ನಿಗೇ ಹುಡುಗನ ಕಣ್ಣು ಹೋಯಿತು. ಮುಂದಿನ ಎಂಟು ವರ್ಷ ಕತ್ತಲು. ಶಾಲೆಯಿಲ್ಲ. ಮನೆಯಲ್ಲಿದ್ದ ಮಾರ್ತಾ ಎಂಬ ಹೆಂಗಸು ಅವನನ್ನು ಸಾಕಿದಳು. ಹದಿನೈದನೇ ವಯಸ್ಸಿಗೆ, ಹೋದಷ್ಟೇ ಅನಿರೀಕ್ಷಿತವಾಗಿ, ಕಣ್ಣು ತಾನಾಗಿ ಬಂತು.

ಮತ್ತೆ ಯಾವಾಗ ಕಣ್ಣು ಹೋಗುತ್ತದೋ ಎಂಬ ಹೆದರಿಕೆ ಅವನಿಗೆ ಹಿಡಿದುಬಿಟ್ಟಿತು. ಅಷ್ಟರೊಳಗೆ ಓದಬಹುದಾದಷ್ಟನ್ನು ಓದಿಬಿಡಬೇಕು ಎಂದು ಸಿಕ್ಕಿದ ಪುಸ್ತಕಕ್ಕೆಲ್ಲ ಕೈ ಹಾಕಿದ. ಕಣ್ಣು ಮತ್ತೆ ಹೋಗಲಿಲ್ಲ, ಓದುವ ಅವಸರವೂ ಸಾಯುವವರೆಗೆ ಹೋಗಲಿಲ್ಲ. ಪರೀಕ್ಷೆಗೆ ಇನ್ನು ನಾಲ್ಕು ದಿನ ಎಂದಾಗ ನಮಗೆ ಬರುವ ಅವಸರ ಅವನಿಗೆ ವರ್ಷಪೂರ್ತಿ ಇತ್ತು. ವ್ಯತ್ಯಾಸ ಇಷ್ಟೇ, ಅವನು ಯಾವ ಪರೀಕ್ಷೆಗೂ ಕೂತವನಲ್ಲ.

1920ರ ಹೊತ್ತಿಗೆ ತಂದೆಯೂ ತೀರಿಕೊಂಡ. ಬಡಗಿಗಳ ಸಂಘದಿಂದ ವಿಮೆ ಹಣವೆಂದು ಸುಮಾರು 300 ಡಾಲರ್ ಬಂತು. ಬಡವನಿಗೆ ಚಳಿಯಿಲ್ಲದ ಊರು ಒಳ್ಳೆಯದು, ರಸ್ತೆ ಬದಿ ಮಲಗಿದರೂ ಬದುಕಬಹುದು ಎಂದು ಲೆಕ್ಕ ಹಾಕಿ ಲಾಸ್ ಏಂಜಲೀಸ್‌ಗೆ ಹೋದ. ಲೈಬ್ರರಿಯ ಹತ್ತಿರ ಒಂದು ಕೋಣೆ ಹಿಡಿದ. ಹಣ ಇರುವಷ್ಟು ದಿನ ಓದಿದ. ಹಣ ಮುಗಿಯಿತು. ಕೆಲಸ ಗೊತ್ತಿಲ್ಲ, ಓದಿದ್ದಕ್ಕೆ ಸರ್ಟಿಫಿಕೇಟ್ ಇಲ್ಲ, ಕೇಳುವವರೂ ಇಲ್ಲ. ಹಸಿವು ತಡೆಯಲಾಗದ ದಿನ ಒಂದು ಹೋಟೆಲಿನೊಳಗೆ ಹೋಗಿ, ಊಟ ಕೊಟ್ಟರೆ ಪಾತ್ರೆ ತೊಳೆದುಕೊಡುತ್ತೇನೆ ಎಂದ. ಅಲ್ಲಿದ್ದವನೊಬ್ಬ ಸರ್ಕಾರದ ಉಚಿತ ಉದ್ಯೋಗ ಕಚೇರಿಯ ದಾರಿ ತೋರಿಸಿದ.

ಆ ಕಚೇರಿಯ ಕತೆ ನನಗೆ ಬಹಳ ಹಿಡಿಸಿತು. ದೊಡ್ಡದೊಂದು ಹಾಲ್. ಸಾಲು ಸಾಲು ಬೆಂಚು, ಬೆಂಚಿನ ತುಂಬ ಕೆಲಸವಿಲ್ಲದ ಗಂಡಸರು. ಯಾರದೋ ಮನೆಯ ಹುಲ್ಲು ಕತ್ತರಿಸಬೇಕು, ಯಾರದೋ ಸಾಮಾನು ಸಾಗಿಸಬೇಕು ಎಂದು ಫೋನ್ ಬಂದರೆ ಗುಮಾಸ್ತ ಕಿಟಕಿಯಿಂದ ಕೂಗುತ್ತಾನೆ, ಎಲ್ಲರೂ ಕೈ ಎತ್ತುತ್ತಾರೆ, ಅವನು ಒಬ್ಬನನ್ನು ಆರಿಸುತ್ತಾನೆ. ಉಳಿದವರು ಅದೃಷ್ಟವನ್ನು ಬೈದುಕೊಂಡು ಕುಳಿತರೆ ಹಾಫರ್ ಗುಮಾಸ್ತನನ್ನೇ ಗಮನಿಸಿದ. ಅವನ ಕಣ್ಣು ಮೊದಲು ಯಾವ ಸಾಲಿಗೆ ಬೀಳುತ್ತದೆ, ಎಂಥ ಮುಖವನ್ನು ಕಂಡರೆ ನಿಲ್ಲುತ್ತದೆ ಎಂದು ನೋಡಿಕೊಂಡು ಆ ಜಾಗದಲ್ಲೇ ಕೂರತೊಡಗಿದ. ಕಣ್ಣಿಗೆ ಬೀಳುವಂಥ ಬಣ್ಣದ ರಟ್ಟಿನ ಪುಸ್ತಕ ಹಿಡಿದುಕೊಂಡ, ಮುಖದಲ್ಲಿ ನಗು ಇಟ್ಟುಕೊಂಡ. ಕೆಲಸ ಸಿಗತೊಡಗಿತು. ಬೇರೆಯವರ ನಡವಳಿಕೆಯನ್ನು ಕೂತು ನೋಡಿ ಅದರ ಕಾರಣ ಹುಡುಕುವ ಚಾಳಿ ಅವನಿಗೆ ಅಲ್ಲೇ ಶುರುವಾಗಿತ್ತು. ಮುಂದೆ ಬರೆದ ಪುಸ್ತಕಗಳೆಲ್ಲ ಆ ಚಾಳಿಯಿಂದಲೇ ಹುಟ್ಟಿದವು.

ಒಮ್ಮೆ ಕಿತ್ತಳೆ ಮಾರುವ ಕೆಲಸ ಸಿಕ್ಕಿತು. ಮನೆ ಮನೆ ಬಾಗಿಲು ತಟ್ಟಬೇಕು. ಮೊದಮೊದಲು ಬಾಯಿ ಬರಲಿಲ್ಲ. ಆಮೇಲೆ ನೋಡಿದರೆ ಅವನಂಥ ಮಾರಾಟಗಾರ ಇನ್ನೊಬ್ಬನಿಲ್ಲ. ಗಾಡಿ ತುಂಬ ಹಣ್ಣು ಬೇಗ ಬೇಗ ಖಾಲಿ. ಆದರೆ ಒಂದು ಮನೆಯಲ್ಲಿ, ಹಣ್ಣು ನಿನ್ನದೇ ತೋಟದ್ದೋ ಎಂದು ಕೇಳಿದಾಗ ಹೌದು ಎಂದು ಸುಳ್ಳು ಹೇಳಿಬಿಟ್ಟ. ಸುಳ್ಳು ತನಗೆ ಇಷ್ಟು ಸಲೀಸಾಗಿ ಬರುತ್ತದೆಯೇ ಎಂದು ಅವನಿಗೇ ದಿಗಿಲಾಯಿತು. ಅಂದೇ ಆ ಕೆಲಸ ಬಿಟ್ಟ. ವ್ಯಾಪಾರ ಎಂದು ಖಾನೆ ತುಂಬಿಸಿಕೊಂಡು ಬಂದ ನಾನು ಈ ಪುಟವನ್ನು ಸ್ವಲ್ಪ ಬೇಗ ತಿರುಗಿಸಿದೆ.

1931ರಲ್ಲಿ, ಅಮೆರಿಕದಲ್ಲಿ ಆರ್ಥಿಕ ಕುಸಿತ ಜೋರಾಗಿದ್ದ ಕಾಲದಲ್ಲಿ, ಹಾಫರ್ ಬದುಕು ಸಾಕು ಎಂಬಲ್ಲಿಗೆ ಬಂದಿದ್ದ. ಮೂವತ್ತರ ಹತ್ತಿರದ ವಯಸ್ಸು. ಹತ್ತು ವರ್ಷ ಹೀಗೇ ಕಳೆದಿತ್ತು, ಇನ್ನು ಮುಂದೆಯೂ ಹೀಗೇ ಅನಿಸಿತು. ಊರ ಹೊರಗೆ ಹೋಗಿ ಜೀವ ಕಳೆದುಕೊಳ್ಳಲು ನೋಡಿ, ಕೊನೆ ಗಳಿಗೆಯಲ್ಲಿ ಬೇಡವೆಂದು ಹಿಂದೆ ಸರಿದ. ವಾಪಸು ನಡೆದು ಬರುವಾಗ, ಒಂದೇ ಊರಲ್ಲಿ ಕೊಳೆಯುವುದಕ್ಕಿಂತ ರಸ್ತೆ ಹಿಡಿದು ನಡೆಯುವುದು ಮೇಲು ಎಂದು ನಿಶ್ಚಯಿಸಿದ. ನಮ್ಮಲ್ಲಿ ಯಾರಿಗಾದರೂ ಅಂಥ ಸಂಜೆ ಬಂದರೆ ನೆನಪಿರಲಿ. ಇವನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದೆಲ್ಲ ನಡೆದದ್ದು ಆ ಸಂಜೆಯ ನಂತರವೇ.

ಮುಂದಿನ ಸುಮಾರು ಹತ್ತು ವರ್ಷ ಕ್ಯಾಲಿಫೋರ್ನಿಯಾದ ಉದ್ದಗಲಕ್ಕೆ ಕೂಲಿ. ಎಲ್ಲಿ ಯಾವ ಬೆಳೆ ಕೊಯ್ಲಿಗೆ ಬಂದಿದೆಯೋ ಅಲ್ಲಿಗೆ ಗೂಡ್ಸ್ ರೈಲು ಹತ್ತಿ ಹೋಗುವುದು. ರೈಲು ನಿಲ್ಲುವ ಊರೂರಿನ ಲೈಬ್ರರಿಯ ಕಾರ್ಡ್ ಅವನ ಜೇಬಿನಲ್ಲಿತ್ತು. ಕೋಣೆ ಹಿಡಿದರೆ ಲೈಬ್ರರಿಯ ಹತ್ತಿರವೇ. 1934ರಲ್ಲಿ ಎಲ್ ಸೆಂಟ್ರೊ ಎಂಬ ಊರಿನ ಬಳಿ, ಮನೆಮಠವಿಲ್ಲದವರಿಗೆಂದು ಸರ್ಕಾರ ನಡೆಸುತ್ತಿದ್ದ ಶಿಬಿರದಲ್ಲಿ ಕೆಲವು ವಾರ ಇದ್ದ. ಅಲ್ಲಿದ್ದ ನೂರಾರು ಗಂಡಸರನ್ನು ನೋಡುತ್ತ ಅವನಿಗೊಂದು ವಿಚಾರ ಹೊಳೆಯಿತು. ಊರಿಗೆ ಬೇಡವಾದ ಇಂಥವರೇ ಅಲ್ಲವೇ ಹಿಂದೆ ಕಾಡು ಕಡಿದು ಹೊಸ ಊರು ಕಟ್ಟಲು ಹೋದವರು? ಸ್ವಂತ ಊರಲ್ಲಿ ಸುಖವಾಗಿ ನೆಲೆಯೂರಿದವರು ಯಾಕಾದರೂ ಹೋಗುತ್ತಾರೆ? ಬೇಡದವರು ಎಂಬ ಹಣೆಪಟ್ಟಿ ಹೊತ್ತವರ ಬಗ್ಗೆ ಯೋಚಿಸುವುದು ಅಲ್ಲಿಂದಾಚೆ ಅವನ ಕಸುಬಾಯಿತು.

1936ರ ಚಳಿಗಾಲದಲ್ಲಿ ಚಿನ್ನ ಸೋಸಲು ನೆವಾಡ ಸಿಟಿಯ ಬೆಟ್ಟಗಳ ಕಡೆ ಹೊರಟ. ಹಿಮ ಬಿದ್ದು ದಾರಿ ಮುಚ್ಚಿದರೆ ದಿನಗಟ್ಟಲೆ ಸುಮ್ಮನೆ ಕೂರಬೇಕಾಗುತ್ತದೆ ಎಂದು ಸ್ಯಾನ್‌ಫ್ರಾನ್ಸಿಸ್ಕೊದ ಹಳೆ ಪುಸ್ತಕದಂಗಡಿಗೆ ಹೋದ. ವಿಷಯ ಯಾವುದಾದರೂ ಸರಿ, ಪುಸ್ತಕ ದಪ್ಪ ಇರಬೇಕು, ಅಕ್ಷರ ಸಣ್ಣ ಇರಬೇಕು, ಚಿತ್ರ ಇರಬಾರದು. ಒಂದು ಡಾಲರಿಗೆ ಸಿಕ್ಕಿದ್ದು ಹದಿನಾರನೇ ಶತಮಾನದ ಫ್ರಾನ್ಸಿನ ಮಾಂಟೇನ್ ಎಂಬುವನ ಪ್ರಬಂಧಗಳು. ಬೆಟ್ಟದ ಮೇಲೆ ಅದನ್ನು ಮೂರು ಸಲ ಓದಿದ, ಮುಕ್ಕಾಲು ಬಾಯಿಪಾಠವೇ ಆಯಿತು. ನಾನೂರು ವರ್ಷದ ಹಿಂದಿನ ಒಬ್ಬ ಜಮೀನ್ದಾರ ತನ್ನ ಬಗ್ಗೆಯೇ ಬರೆದಂತಿದೆಯಲ್ಲ ಎಂದು ಅಚ್ಚರಿಪಟ್ಟ. ಕೆಳಗಿಳಿದು ಬಂದು ಹೊಲದಲ್ಲಿ ಕೆಲಸ ಮಾಡುವಾಗ ಮಾತುಮಾತಿಗೆ ಮಾಂಟೇನ್‌ನನ್ನು ತರುತ್ತಿದ್ದನಂತೆ. ಕಡೆಗೆ ಜೊತೆಯ ಕೂಲಿಯವರೂ ಹೆಣ್ಣು, ದುಡ್ಡು, ಸಾವು ಏನೇ ಮಾತು ಬರಲಿ, ಇದಕ್ಕೆ ನಿನ್ನ ಮಾಂಟೇನ್ ಏನಂತಾನೆ ಎಂದು ಕೇಳತೊಡಗಿದರು. ತಾನೂ ಬರೆಯಬಹುದು ಎಂದು ಅವನಿಗೆ ಅನಿಸಿದ್ದು ಆ ಪುಸ್ತಕದಿಂದ.

ಎರಡನೇ ಮಹಾಯುದ್ಧ ಬಂತು. ಸೈನ್ಯ ಸೇರಲು ಹೋದರೆ ಹರ್ನಿಯಾ ಇದೆ ಎಂದು ವಾಪಸು ಕಳಿಸಿದರು. ಯುದ್ಧಕ್ಕೆ ತನ್ನಿಂದಲೂ ಏನಾದರೂ ಆಗಲಿ ಎಂದು 1943ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಬಂದರಿಗೆ ಸೇರಿದ. ನಲವತ್ತು ದಾಟಿದ ಮೇಲೆ ಹೊಸ ಕೆಲಸ, ಅದೂ ಚೀಲ ಹೊರುವ ಕೆಲಸ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ಮಾಡಿದ.

ಕಂಟೇನರ್ ಬರುವ ಮುಂಚಿನ ಬಂದರು ಹೇಗಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಹಡಗಿನ ಹೊಟ್ಟೆಯಲ್ಲಿ ಬಂದದ್ದೆಲ್ಲ ಬಿಡಿಬಿಡಿ ಸರಕು. ಕಾಫಿ ಚೀಲ, ಸಕ್ಕರೆ ಚೀಲ, ಕೊಬ್ಬರಿ, ಹಸಿ ಚರ್ಮ, ಹತ್ತಿಯ ಅಂಡಿಗೆ, ಮರದ ಪೆಟ್ಟಿಗೆ. ಇಬ್ಬಿಬ್ಬರು ಜೋಡಿಯಾಗಿ ಕೆಳಗಿಳಿದು, ಕೊಕ್ಕೆ ಹಾಕಿ ಎಳೆದು, ಹಲಗೆಯ ಮೇಲೆ ಪೇರಿಸಬೇಕು. ಮೇಲಿನಿಂದ ವಿಂಚ್ ಅದನ್ನು ಎತ್ತುತ್ತದೆ. ಹಗ್ಗ ಹರಿದರೆ, ಲೆಕ್ಕ ತಪ್ಪಿದರೆ ಕೆಳಗಿದ್ದವನ ಕತೆ ಮುಗಿಯಿತು. ತುಂಬುವುದು ಇನ್ನೂ ನಾಜೂಕಿನ ಕೆಲಸ. ಭಾರ ಒಂದೇ ಕಡೆ ಬೀಳಬಾರದು, ನಡುವೆ ಸಂದು ಉಳಿಯಬಾರದು, ಕಡಲಲ್ಲಿ ಹಡಗು ಹೊಯ್ದಾಡಿದರೆ ಸರಕು ಜಾರಬಾರದು. ಒಂದು ಹಡಗು ಖಾಲಿಯಾಗಿ ಮತ್ತೆ ತುಂಬಲು ದಿನಗಳೇ ಹಿಡಿಯುತ್ತಿದ್ದವು. ಇದನ್ನು ಓದುವಾಗ ಒಂದು ವಿಷಯ ಹೊಳೆಯಿತು. ಮಂಜಿಯಲ್ಲಿ ಸಿಮೆಂಟು ಎಲ್ಲಿ, ಈರುಳ್ಳಿ ಎಲ್ಲಿ ಎಂದು ಅಪ್ಪ ಮಾತಾಡುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅದೊಂದು ವಿದ್ಯೆ ಎಂದು ಒಂದು ದಿನವೂ ಅನಿಸಿರಲಿಲ್ಲ.

ಹಾಫರ್ ಬರುವುದಕ್ಕೆ ಒಂಬತ್ತು ವರ್ಷ ಮುಂಚೆ ಆ ಬಂದರಿನಲ್ಲಿ ದೊಡ್ಡದೊಂದು ಹೋರಾಟ ನಡೆದಿತ್ತು. ಅದಕ್ಕೂ ಹಿಂದೆ ಅಲ್ಲಿ ಕೆಲಸ ಸಿಗುತ್ತಿದ್ದ ರೀತಿ ಹೀಗೆ. ನಸುಕಿನಲ್ಲಿ ಗಂಡಸರೆಲ್ಲ ಧಕ್ಕೆಯ ಮುಂದೆ ಗುಂಪಾಗಿ ನಿಲ್ಲಬೇಕು. ಗ್ಯಾಂಗಿನ ಮುಖ್ಯಸ್ಥ ಬಂದು ದನದ ಸಂತೆಯಲ್ಲಿ ಆರಿಸಿದಂತೆ ಆರಿಸುತ್ತಾನೆ. ಅವನಿಗೆ ಲಂಚ ಕೊಟ್ಟವನಿಗೆ, ಬಾಟಲಿ ತಂದವನಿಗೆ ಮೊದಲು ಕೆಲಸ. ಎದುರು ಮಾತಾಡಿದವನು ತಿಂಗಳುಗಟ್ಟಲೆ ಮನೆಯಲ್ಲಿ. 1934ರ ಮೇ 9ರಂದು ಪೆಸಿಫಿಕ್ ಕರಾವಳಿಯ ಬಂದರುಗಳೆಲ್ಲ ಮುಷ್ಕರ ಹೂಡಿದವು. ಮುಂದಾಳುಗಳಲ್ಲಿ ಪ್ರಮುಖನಾದವನು ಆಸ್ಟ್ರೇಲಿಯಾದಿಂದ ಬಂದಿದ್ದ ಹ್ಯಾರಿ ಬ್ರಿಜಸ್ ಎಂಬ ಕಾರ್ಮಿಕ. ಜುಲೈ 5ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಆ ದಿನವನ್ನು ಅಲ್ಲಿ ರಕ್ತಸಿಕ್ತ ಗುರುವಾರ ಎಂದು ಇಂದಿಗೂ ನೆನೆಯುತ್ತಾರೆ. ಅದರ ಬೆನ್ನಲ್ಲೇ ನಾಲ್ಕು ದಿನ ಇಡೀ ನಗರವೇ ಕೆಲಸ ನಿಲ್ಲಿಸಿತು. 83 ದಿನ ನಡೆದ ಮುಷ್ಕರದ ನಂತರ ಪಂಚಾಯಿತಿಯಾಗಿ, ದಿನಕ್ಕೆ ಆರು ಗಂಟೆಯ ಕೆಲಸ ಎಂದಾಯಿತು. ಎಲ್ಲಕ್ಕಿಂತ ಮುಖ್ಯವಾಗಿ ಕೆಲಸ ಹಂಚಲು ಒಂದು ಹಾಲ್ ಬಂತು. ಹಂಚುವವನನ್ನು ಆರಿಸುವುದು ಕಾರ್ಮಿಕರ ಸಂಘ. ಯಾರು ಅಲ್ಲಿಯವರೆಗೆ ಎಲ್ಲರಿಗಿಂತ ಕಡಿಮೆ ಗಂಟೆ ದುಡಿದಿದ್ದಾರೋ ಅವರಿಗೆ ಮೊದಲ ಸರದಿ.

ನಮ್ಮ ದೇಶದಲ್ಲೂ 1948ರಲ್ಲಿ ಡಾಕ್ ಕಾರ್ಮಿಕರ ಉದ್ಯೋಗ ನಿಯಂತ್ರಣ ಕಾಯ್ದೆ ಬಂದು, ಮುಂಬೈ, ಕೋಲ್ಕತ್ತ, ಮದ್ರಾಸಿನಂಥ ದೊಡ್ಡ ಬಂದರುಗಳಲ್ಲಿ ಡಾಕ್ ಲೇಬರ್ ಬೋರ್ಡ್‌ಗಳು ಹುಟ್ಟಿದ್ದು ಇದೇ ರೋಗಕ್ಕೆ ಮದ್ದಾಗಿ. ನಸುಕಿನಲ್ಲಿ ಗುಂಪಾಗಿ ನಿಂತು ಕೈ ನೋಡುವ ಬದುಕು ಜಗತ್ತಿನ ಬಂದರುಗಳಿಗೆಲ್ಲ ಒಂದೇ ಆಗಿತ್ತು.

ಆ ಹಾಲ್ ಇಲ್ಲದಿದ್ದರೆ ಹಾಫರ್ ಎಂಬ ಲೇಖಕ ಇರುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ. ಯಾರ ಹಂಗೂ ಇಲ್ಲದೆ ಹೋಗಿ ಸರದಿ ಹಿಡಿಯಬಹುದು. ಬೇಕಾದ ದಿನ ದುಡಿದು, ಉಳಿದ ದಿನ ಓದಬಹುದು, ಬರೆಯಬಹುದು. ಮಾಲೀಕನ ಮುಖ ನೋಡಿ ನಗಬೇಕಾಗಿಲ್ಲ. ಮದುವೆಯಾಗಲಿಲ್ಲ. ಬಾಡಿಗೆಯದೊಂದು ಕೋಣೆ, ಒಂದು ಮಂಚ, ಕೆಲವು ಪುಸ್ತಕ, ಬರೆಯಲು ಒಂದು ಹಲಗೆ. ಟೆಲಿಫೋನ್ ಇಟ್ಟುಕೊಳ್ಳಲಿಲ್ಲ. ಜೇಬಿನಲ್ಲಿ ಸದಾ ಒಂದು ನೋಟುಬುಕ್ಕು. ಕೆಲಸದ ನಡುವೆ ಬಿಡುವು ಸಿಕ್ಕರೆ, ಹೊಳೆದ ವಾಕ್ಯವನ್ನು ಅದರಲ್ಲಿ ಗೀಚುವುದು. ರಜೆಯ ದಿನ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಮೈಲಿಗಟ್ಟಲೆ ನಡೆಯುತ್ತ ಅದೇ ವಾಕ್ಯವನ್ನು ತಿರುಗಿಸಿ ಮುರುಗಿಸಿ ನೋಡುವುದು. ಹೊಲದಲ್ಲಿ, ರೈಲು ಕಾಯುವಾಗ ಆಗಲೇ ಕೂಡಿಟ್ಟಿದ್ದ ಟಿಪ್ಪಣಿಗಳೂ ಇದ್ದವು. ಇವೆಲ್ಲ ಸೇರಿ ಪುಸ್ತಕವಾಯಿತು.

ಅದಕ್ಕೂ ಮೊದಲು ಕಾಮನ್ ಗ್ರೌಂಡ್ ಎಂಬ ಪತ್ರಿಕೆಗೆ ಒಂದು ಬರಹ ಕಳಿಸಿದ್ದ. ಅದು ಅಲ್ಲಿ ಅಚ್ಚಾಗಲಿಲ್ಲ. ಆದರೆ ಮಾರ್ಗರೆಟ್ ಆಂಡರ್ಸನ್ ಎಂಬ ಸಂಪಾದಕಿ ಸುಮ್ಮನೆ ವಾಪಸು ಕಳಿಸದೆ, ಬರೆ ಬರೆ ಎಂದು ನ್ಯೂಯಾರ್ಕಿನಿಂದ ಪತ್ರದ ಮೇಲೆ ಪತ್ರ ಬರೆದಳು. ದೇಶದ ಆ ತುದಿಯಲ್ಲಿ ತನ್ನ ಬರಹಕ್ಕೆ ಕಾಯುವವರು ಒಬ್ಬರಿದ್ದಾರೆ ಎಂಬುದೇ ಅವನಿಗೆ ಸಾಕಾಯಿತು. 1951ರಲ್ಲಿ ಹಾರ್ಪರ್ ಸಂಸ್ಥೆ ದಿ ಟ್ರೂ ಬಿಲೀವರ್ ಪ್ರಕಟಿಸಿತು. ಪುಸ್ತಕವನ್ನು ಅವನು ಆಕೆಗೇ ಅರ್ಪಿಸಿದ. ಪುಸ್ತಕ ಹೊರಬಂದಾಗ ಲೇಖಕನಿಗೆ ಹತ್ತಿರ ಹತ್ತಿರ ಐವತ್ತು.

ಪುಸ್ತಕದಲ್ಲಿ 125 ಸಣ್ಣ ಭಾಗಗಳಿವೆ. ಹಿಟ್ಲರ್, ಸ್ಟಾಲಿನ್ ಕಾಲವನ್ನು ಕಂಡವನು ಕೇಳುವ ಪ್ರಶ್ನೆ ಒಂದೇ. ಜನ ಯಾಕೆ ಗುಂಪಿನಲ್ಲಿ ಕರಗಿ, ಗುಂಪಿಗಾಗಿ ಸಾಯಲೂ ಕೊಲ್ಲಲೂ ತಯಾರಾಗುತ್ತಾರೆ? ಅವನ ಉತ್ತರ ನನಗೆ ಚುಚ್ಚಿತು. ತನ್ನ ಬದುಕು ಹಾಳಾಗಿದೆ, ತಾನು ಯಾತಕ್ಕೂ ಬಾರದವನು ಎಂದು ಒಳಗೊಳಗೇ ನಂಬಿದವನು ತನ್ನಿಂದ ತಾನೇ ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಾನೆ. ಅಂಥವನಿಗೆ ಒಂದು ದೊಡ್ಡ ಗುಂಪು, ಒಬ್ಬ ಶತ್ರು, ನಾಳೆಯ ಒಂದು ಸ್ವರ್ಗ ಸಿಕ್ಕರೆ ಸಾಕು. ಯಾವ ಗುಂಪು ಎಂಬುದು ಕೆಲವೊಮ್ಮೆ ಮುಖ್ಯವೇ ಆಗುವುದಿಲ್ಲ. ಒಂದು ಬಣದ ಉಗ್ರ ಅನುಯಾಯಿ ಅದರ ಎದುರು ಬಣಕ್ಕೆ ಹಾರುವುದು, ಸುಮ್ಮನಿರುವ ಸಾಮಾನ್ಯ ಮನುಷ್ಯನಾಗುವುದಕ್ಕಿಂತ ಸುಲಭ. ಹೊಟ್ಟೆಗಿಲ್ಲದವನಿಗೆ ಆ ಹೊತ್ತಿನ ಊಟದ ಯೋಚನೆಯೇ ಆಗುತ್ತದೆ. ಸಿಡಿಯುವವನು ಹೆಚ್ಚಾಗಿ ಇದ್ದದ್ದನ್ನು ಕಳೆದುಕೊಂಡವನು, ಸಿಗಬೇಕಾದ್ದು ಸಿಗಲಿಲ್ಲ ಎಂದು ಕುದಿಯುವವನು.

ಆ ಎರಡು ವರ್ಷ ನಾನು ಫೋನಿನಲ್ಲಿ ಏನು ಮಾಡುತ್ತಿದ್ದೆ ಎಂದು ನೆನಪಾಯಿತು. ಐದಾರು ಗುಂಪುಗಳಲ್ಲಿದ್ದೆ. ಯಾರನ್ನೋ ಬೈದು ಬಂದ ಸಂದೇಶವನ್ನು ಓದದೆಯೇ ಇನ್ನೊಂದು ಗುಂಪಿಗೆ ಕಳಿಸುತ್ತಿದ್ದೆ. ನನಗೆ ಕೆಲಸ ಸಿಗದಿರಲು ಅವರೇ ಕಾರಣ ಎಂದು ನಂಬಿದ್ದೆ. ಮನೆಯಲ್ಲಿ ಅಪ್ಪನ ಮುಖ ನೋಡಲಾಗದವನಿಗೆ ಗುಂಪಿನಲ್ಲಿ ಮಾತ್ರ ಎದೆ ಉಬ್ಬುತ್ತಿತ್ತು. ನಾನು ಹುಟ್ಟುವ ಮೊದಲೇ ಸತ್ತ ಒಬ್ಬ ಹಡಗು ಕೂಲಿ ನನ್ನನ್ನು ಇಷ್ಟು ಸರಿಯಾಗಿ ಹೇಗೆ ಕಂಡ? ಅವನೂ ಬೆಂಚಿನ ಮೇಲೆ ಕೂತು ಕಾದವನು ಎಂಬುದೇ ಅದಕ್ಕೆ ಉತ್ತರ.

ಪುಸ್ತಕಕ್ಕೆ ಹೆಸರು ಬಂತು. ಅಧ್ಯಕ್ಷ ಐಸೆನ್‌ಹೋವರ್ ಓದಿ ಬೇರೆಯವರಿಗೆ ಓದಲು ಹೇಳಿದರು, ಅಧ್ಯಕ್ಷರ ಮೆಚ್ಚಿನ ಲೇಖಕ ಎಂದು ಪತ್ರಿಕೆಗಳು ಬರೆದವು. ಹಾಫರ್ ಮಾತ್ರ ಬೆಳಿಗ್ಗೆ ಎದ್ದು ಬಂದರಿನ ಹಾಲ್‌ಗೇ ಹೋದ. ಮುಂದಿನ ಹತ್ತಕ್ಕೂ ಹೆಚ್ಚು ವರ್ಷ ಕೊಕ್ಕೆ ಬಿಡಲಿಲ್ಲ. 1955ರಲ್ಲಿ ಎರಡನೇ ಪುಸ್ತಕ, 1963ರಲ್ಲಿ ಮೂರನೆಯದು. 1958ರ ಜೂನ್‌ನಿಂದ ಸುಮಾರು ಒಂದು ವರ್ಷ ಬರೆದ ದಿನಚರಿ ಹತ್ತು ವರ್ಷದ ಮೇಲೆ ಪುಸ್ತಕವಾಯಿತು. ಯಾವ ಧಕ್ಕೆಯಲ್ಲಿ ಯಾವ ಹಡಗು, ಜೊತೆಗಾರ ಎಂಥವನು, ಎಷ್ಟು ಗಂಟೆ ಕೆಲಸ, ಇವುಗಳ ಪಕ್ಕದಲ್ಲೇ ಅಂದಂದು ತಲೆಗೆ ಬಂದ ವಿಚಾರಗಳು. ಚೀಲದ ಲೆಕ್ಕವನ್ನೂ ವಿಚಾರವನ್ನೂ ಅವನು ಬೇರೆ ಬೇರೆ ಪುಟದಲ್ಲಿ ಬರೆಯಲಿಲ್ಲ.

ಅಷ್ಟರಲ್ಲಿ ಬಂದರೇ ಬದಲಾಗತೊಡಗಿತ್ತು. 1956ರ ಏಪ್ರಿಲ್‌ನಲ್ಲಿ ಐಡಿಯಲ್ ಎಕ್ಸ್ ಎಂಬ ಹಡಗು 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಹೊತ್ತು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೋಯಿತು. ಕಂಟೇನರ್ ಯುಗ ಶುರುವಾಯಿತು. ಗ್ಯಾಂಗುಗಳು ದಿನಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಕ್ರೇನ್ ಗಂಟೆಗಳಲ್ಲಿ ಮಾಡತೊಡಗಿತು. 1960ರಲ್ಲಿ ಬ್ರಿಜಸ್‌ನ ಸಂಘ ಯಂತ್ರಗಳಿಗೆ ಒಪ್ಪಿ, ಬದಲಿಗೆ ಇದ್ದ ಕಾರ್ಮಿಕರಿಗೆ ಕೆಲಸದ ಭದ್ರತೆ, ಪಿಂಚಣಿ ಬರೆಸಿಕೊಂಡಿತು. ಸರಕೆಲ್ಲ ಕೊಲ್ಲಿಯ ಆಚೆ ದಡದ ಓಕ್ಲೆಂಡ್ ಬಂದರಿಗೆ ಹೋಗಿ, ಸ್ಯಾನ್‌ಫ್ರಾನ್ಸಿಸ್ಕೊದ ಧಕ್ಕೆಗಳು ಖಾಲಿ ಬಿದ್ದವು. ಯಂತ್ರ ಬಂದಾಗ ದುಡಿಯುವವನ ಹೊಟ್ಟೆ ಮಾತ್ರವಲ್ಲ, ಅವನ ಸ್ವಾಭಿಮಾನವೂ ಏನಾಗುತ್ತದೆ ಎಂದು ಹಾಫರ್ ಆ ದಿನಗಳಲ್ಲಿ ತುಂಬ ತಲೆ ಕೆಡಿಸಿಕೊಂಡ. ಕಂಪ್ಯೂಟರು ನಮ್ಮ ಕೆಲಸ ತಿನ್ನುತ್ತದೆಯೇ ಎಂದು ಕೇಳುವ ನಮಗೂ ಇದು ಹಳೆಯ ವಿಷಯವಲ್ಲ.

ಒಂದು ದಿನವೂ ಶಾಲೆಗೆ ಹೋಗಿಲ್ಲ ಎಂದು ಹೇಳಿಕೊಳ್ಳುತ್ತಿದ್ದ ಅವನನ್ನು 1964ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಕರೆಯಿತು. ವಾರಕ್ಕೊಂದು ದಿನ ಕೋಣೆಯಲ್ಲಿ ಕೂರುವುದು, ಬಂದ ವಿದ್ಯಾರ್ಥಿಗಳ ಜೊತೆ ಮಾತಾಡುವುದು. 1967ರಲ್ಲಿ ಸಿಬಿಎಸ್ ಟೆಲಿವಿಷನ್‌ನಲ್ಲಿ ಎರಿಕ್ ಸೆವರೈಡ್ ನಡೆಸಿದ ಸಂದರ್ಶನ ಬಂದಾಗ ಇಡೀ ದೇಶ ಅವನನ್ನು ನೋಡಿತು. ಬೋಳು ತಲೆ, ದಪ್ಪ ದೇಹ, ಕೂಲಿಯ ಅಂಗಿ, ಮಾತಿಗೆ ಜರ್ಮನ್ ಧಾಟಿ, ಆವೇಶ ಬಂದರೆ ಗುಡುಗುವ ದನಿ. 1968ರಲ್ಲಿ ಹಿಂಸಾಚಾರದ ಕಾರಣಗಳನ್ನು ಪರಿಶೀಲಿಸಲು ಅಧ್ಯಕ್ಷ ಜಾನ್ಸನ್ ಮಾಡಿದ ಆಯೋಗಕ್ಕೂ ಸದಸ್ಯನಾದ.

ಹಾಗೆಂದು ಅವನು ಹೇಳಿದ್ದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ವಿಯೆಟ್ನಾಂ ಯುದ್ಧವನ್ನು ಅವನು ಬೆಂಬಲಿಸಿದ. ಅದನ್ನು ವಿರೋಧಿಸಿ ಬೀದಿಗಿಳಿದ ವಿದ್ಯಾರ್ಥಿಗಳನ್ನು ಕಟುವಾಗಿ ಟೀಕಿಸಿದ. ತಾನು ಪಾಠ ಹೇಳಿದ ಬರ್ಕ್ಲಿಯಲ್ಲೇ ಅನೇಕರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಇನ್ನೂ ಒಂದು ಸಂಗತಿ ಇದೆ. ಅವನ ಮೊದಲ ಮೂವತ್ತು ವರ್ಷದ ಕತೆಗೆ ಅವನ ಮಾತು ಬಿಟ್ಟರೆ ದಾಖಲೆಯೇ ಇಲ್ಲ. 2012ರಲ್ಲಿ ಅವನ ಜೀವನಚರಿತ್ರೆ ಬರೆದ ಟಾಮ್ ಬೆಥೆಲ್, ಬ್ರಾಂಕ್ಸ್‌ನಲ್ಲಿ ಹುಟ್ಟಿದವನಿಗೆ ಆ ಜರ್ಮನ್ ಧಾಟಿ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಹುಟ್ಟಿದ ವರ್ಷ 1898 ಇರಬೇಕು ಎನ್ನುವವರಿದ್ದಾರೆ. ಬೇರೆ ದೇಶದಿಂದ ಕಾಗದಪತ್ರವಿಲ್ಲದೆ ಬಂದು, ಅದನ್ನು ಮುಚ್ಚಿಡಲು ಬಾಲ್ಯವನ್ನು ಕಟ್ಟಿಕೊಂಡಿರಬಹುದೇ ಎಂಬ ಅನುಮಾನವೂ ಇದೆ. ಇದನ್ನು ಓದಿದಾಗ ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಫಾರಂನ ಒಂದು ಖಾನೆಗೆ ಹೆದರುವುದು ಏನೆಂದು ನನಗೆ ಗೊತ್ತು. ಬಂದರಿನ ಮೇಲಿನ ವರ್ಷಗಳಿಗೆ, ಪುಸ್ತಕಗಳಿಗೆ ಸಾಕ್ಷಿ ಬೇಕಾದಷ್ಟಿದೆ. ಅವನು ಮುಚ್ಚಿಡದ ಉದ್ಯೋಗ ಅದೊಂದೇ.

1983ರ ಫೆಬ್ರುವರಿಯಲ್ಲಿ ಅಧ್ಯಕ್ಷ ರೇಗನ್ ಅವನಿಗೆ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಕೊಟ್ಟರು. ಅದೇ ವರ್ಷ ಮೇ 21ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡ. ಬರ್ಕ್ಲಿಯಲ್ಲಿ ಅವನು ತನ್ನ ಮತ್ತು ಗೆಳತಿ ಲಿಲಿ ಫಬಿಲಿಯ ಹೆಸರಿನಲ್ಲಿ 1970ರಲ್ಲಿ ಒಂದು ಪ್ರಬಂಧ ಬಹುಮಾನ ಇಟ್ಟಿದ್ದ. ಷರತ್ತು ಒಂದೇ, ಪ್ರಬಂಧ 500 ಪದ ದಾಟಬಾರದು. ಹೇಳಬೇಕಾದ್ದು ಇದ್ದರೆ ಅಷ್ಟು ಸಾಕು ಎಂಬುದು ಅವನ ನಂಬಿಕೆ. ಆ ಲೆಕ್ಕದಲ್ಲಿ ನನ್ನ ಈ ಬರಹ ಮೊದಲ ಸುತ್ತಿನಲ್ಲೇ ಹೊರಬೀಳುತ್ತಿತ್ತು.

ಕಳೆದ ಮಳೆಗಾಲದಲ್ಲಿ, ಮಂಜಿಗಳು ನಿಂತಿದ್ದ ಒಂದು ಸಂಜೆ, ಅಪ್ಪನಿಗೆ ಈ ಕತೆಯನ್ನೆಲ್ಲ ಹೇಳಿದೆ. ಬಂದರಿನ ಕೂಲಿ ಪುಸ್ತಕ ಬರೆದ, ಅಧ್ಯಕ್ಷರು ಓದಿದರು ಎಂದರೆ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಪುಸ್ತಕದ ವಿಷಯಕ್ಕೆ ಅವರು ಹೂಂಗುಟ್ಟಿದ್ದು ಬಿಟ್ಟರೆ ಏನೂ ಅನ್ನಲಿಲ್ಲ. ಕೆಲಸ ಹಂಚುವ ಹಾಲ್‌ನ ಮಾತು ಬಂದಾಗ ಮಾತ್ರ ಎದ್ದು ಕೂತರು. ಕಡಿಮೆ ದುಡಿದವನಿಗೆ ಮೊದಲ ಸರದಿ ಎಂಬುದು ನಿಜವೇ ಎಂದು ಎರಡು ಸಲ ಕೇಳಿದರು. ಗಂಟೆಯ ಲೆಕ್ಕ ಬರೆದಿಡುತ್ತಿದ್ದವರು ಯಾರು, ಅವನು ಮೋಸ ಮಾಡಿದರೆ ಏನು ಮಾಡುತ್ತಿದ್ದರು ಎಂದು ಕೇಳಿದರು. ಸಂಘದವರೇ ಆರಿಸಿದವನು, ಸರಿಯಿಲ್ಲದಿದ್ದರೆ ಮುಂದಿನ ಸಲ ಆರಿಸುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಮಳೆ ನೋಡುತ್ತ ಕೂತರು. ಆಮೇಲೆ, ತಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸರದಿಗಾಗಿ ಯಾರ ಯಾರ ಮನೆಯ ಅಂಗಳದಲ್ಲಿ ನಿಂತಿದ್ದೆ, ಎಷ್ಟು ದಿನ ಬರಿಗೈಯಲ್ಲಿ ವಾಪಸು ಬಂದು ಅಮ್ಮನಿಗೆ ಏನೇನು ನೆಪ ಹೇಳಿದ್ದೆ ಎಂದು ಹೇಳತೊಡಗಿದರು. ನನಗೆ ಗೊತ್ತೇ ಇರದ ಕತೆಗಳು. ಹಾಫರ್‌ನ ಬಾಲ್ಯವನ್ನು ಹುಡುಕಿ ಹುಡುಕಿ ಓದಿದ ನಾನು ಅಪ್ಪನನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ನನಗೆ ಈಗ ಒಂದು ಗೋದಾಮಿನಲ್ಲಿ ಸರಕಿನ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ. ದೊಡ್ಡ ಸಂಬಳವೇನಲ್ಲ. ಸಂಜೆ ಲೈಬ್ರರಿ ತಪ್ಪಿಸುವುದಿಲ್ಲ. ಬ್ಯಾಂಕ್ ಪರೀಕ್ಷೆಯನ್ನೂ ಬಿಟ್ಟಿಲ್ಲ, ನಾಲ್ಕನೇ ಸಲಕ್ಕೆ ಓದುತ್ತಿದ್ದೇನೆ. ಫೋನಿನ ಗುಂಪುಗಳಿಂದ ಹೊರಬಂದಿದ್ದೇನೆ. ಜೇಬಿನಲ್ಲಿ ಹತ್ತು ರೂಪಾಯಿಯ ಒಂದು ನೋಟುಬುಕ್ಕಿದೆ. ಈ ಬರಹದ ಅರ್ಧ ಅದರಲ್ಲೇ ಬರೆದದ್ದು.

ಈ ಕೆಲಸಕ್ಕೆ ಸೇರುವ ದಿನ ಅವರೂ ಒಂದು ಫಾರಂ ಕೊಟ್ಟಿದ್ದರು. ಅದೇ ಖಾನೆ ಬಂತು. ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತೆ. ಹಡಗಿಗೆ ಸರಕು ತುಂಬುವ ಕಾರ್ಮಿಕ ಎಂದು ಬರೆದೆ. ಖಾನೆ ಚಿಕ್ಕದಿತ್ತು, ಅಕ್ಷರ ಸಣ್ಣದು ಮಾಡಿ ಬರೆಯಬೇಕಾಯಿತು.